ಹತ್ತಿರದ ಅರ್ಥದ ಇಂಗ್ಲಿಷ್ ಪದಗಳು: ಆಯ್ಕೆ ಹೇಗೆ?

ಕನ್ನಡದ ‘ನೋಡು’ ಎಂಬ ಒಂದು ಪದದ ಎದುರು ಇಂಗ್ಲಿಷಿನಲ್ಲಿ ‘ಸೀ’, ‘ಲುಕ್’, ‘ವಾಚ್’ ಎಂಬ ಮೂರು ಪದಗಳು ನಿಲ್ಲುತ್ತವೆ. ‘ಕೇಳು’ ಎಂಬುದರ ಎದುರು ‘ಆಸ್ಕ್’, ‘ಹಿಯರ್’, ‘ಲಿಸನ್’. ಸಣ್ಣ ನಿಘಂಟು ತೆರೆದರೆ ಮೂರಕ್ಕೂ ಅದೇ ಕನ್ನಡ ಪದವನ್ನು ಕೊಟ್ಟಿರುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ವ್ಯಾಕರಣಕ್ಕಿಂತ ಹೆಚ್ಚಾಗಿ ತಡವರಿಸುವುದು ಇಂಥ ಕಡೆಗಳಲ್ಲೇ. ವಾಕ್ಯ ತಪ್ಪಿಲ್ಲದೆ ಕೂತಿದ್ದರೂ ಓದಿದವರಿಗೆ ಏನೋ ಸರಿಯಿಲ್ಲ ಅನ್ನಿಸುತ್ತದೆ, ಅದು ಏನೆಂದು ಹೇಳಿಕೊಡುವವರು ಮಾತ್ರ ಸಿಗುವುದಿಲ್ಲ.

ಕಣ್ಣು ತೆರೆದಿದ್ದರೆ ತಾನಾಗಿ ಕಾಣುವುದು ‘ಸೀ’. ಬೇಕೆಂದೇ ಅತ್ತ ಕಣ್ಣು ಹೊರಳಿಸುವುದು ‘ಲುಕ್’. ಚಲಿಸುವ ಅಥವಾ ಬದಲಾಗುವ ಒಂದನ್ನು ಸ್ವಲ್ಪ ಹೊತ್ತು ಗಮನವಿಟ್ಟು ನೋಡುವುದು ‘ವಾಚ್’. ಹಾಗಾಗಿ ಕ್ರಿಕೆಟ್ ಪಂದ್ಯಕ್ಕೆ ‘ವಾಚ್’, ಗೋಡೆಯ ಮೇಲಿನ ಭಾವಚಿತ್ರಕ್ಕೆ ‘ಲುಕ್ ಅಟ್’. ಹುಷಾರಿಲ್ಲದಾಗ ಹೋಗುವುದು ಡಾಕ್ಟರನ್ನು ‘ಸೀ’ ಮಾಡಲು. ಡಾಕ್ಟರನ್ನು ‘ವಾಚ್’ ಮಾಡುತ್ತೇನೆ ಎಂದರೆ ಅವರ ಮೇಲೆ ಕಣ್ಣಿಟ್ಟಿದ್ದೇನೆ ಎಂದಾಗುತ್ತದೆ. ಕನ್ನಡಕ್ಕೂ ಈ ವ್ಯತ್ಯಾಸ ಗೊತ್ತಿದೆ: ನಾವು ಡಾಕ್ಟರನ್ನು ‘ಕಾಣಲು’ ಹೋಗುತ್ತೇವೆ. ಹಾಗೆಯೇ ಕಿವಿಗೆ ಬೀಳುವುದು ‘ಹಿಯರ್’, ಕಿವಿಗೊಡುವುದು ‘ಲಿಸನ್’. ವ್ಯತ್ಯಾಸ ನಮ್ಮೊಳಗೇ ಇರುವಾಗ ಅದನ್ನು ಬಳಸಿಕೊಂಡು ಕಲಿಸದಿರುವುದು ನಮ್ಮ ಇಂಗ್ಲಿಷ್ ಪಾಠಗಳ ದೊಡ್ಡ ಕೊರತೆ.

ಕೆಲವು ಜೋಡಿಗಳಲ್ಲಿ ವ್ಯತ್ಯಾಸ ಕರ್ಮಪದದಲ್ಲಿರುತ್ತದೆ. ‘ಸ್ಟೀಲ್’, ‘ರಾಬ್’ ಎರಡೂ ಕದಿಯುವುದೇ. ಆದರೆ ‘ಸ್ಟೀಲ್’ ಮಾಡುವುದು ವಸ್ತುವನ್ನು, ‘ರಾಬ್’ ಮಾಡುವುದು ಮನುಷ್ಯನನ್ನು ಅಥವಾ ಜಾಗವನ್ನು. ಬ್ಯಾಂಕನ್ನು ‘ಸ್ಟೀಲ್’ ಮಾಡಿದರು ಎಂದು ಬರೆದರೆ ಕಟ್ಟಡವನ್ನೇ ಹೊತ್ತೊಯ್ದಂತೆ. ‘ಟಾಲ್’, ‘ಹೈ’ ಎರಡೂ ಎತ್ತರವೇ. ಮನುಷ್ಯ, ತೆಂಗಿನಮರ, ಕಂಬ, ಹೀಗೆ ಅಗಲಕ್ಕಿಂತ ಉದ್ದ ಹೆಚ್ಚಿದ್ದು ನೆಟ್ಟಗೆ ನಿಂತದ್ದಕ್ಕೆ ‘ಟಾಲ್’. ಬೆಟ್ಟಕ್ಕೆ, ಚಾವಣಿಗೆ, ಬೆಲೆಗೆ, ಜ್ವರಕ್ಕೆ ‘ಹೈ’.

ಇಷ್ಟೊಂದು ಪದಗಳು ಒಂದೇ ಅರ್ಥದ ಸುತ್ತ ಸೇರಿದ್ದಕ್ಕೆ ಇಂಗ್ಲೆಂಡಿನ ಇತಿಹಾಸ ಕಾರಣ. 1066ರಲ್ಲಿ ನಾರ್ಮಂಡಿಯ ದೊರೆ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಅಲ್ಲಿಂದ ಮುಂದೆ ಬಹುಕಾಲ ಅರಮನೆ, ನ್ಯಾಯಾಲಯ, ಶ್ರೀಮಂತರ ಮನೆಗಳಲ್ಲಿ ಫ್ರೆಂಚ್ ನಡೆಯಿತು. ಹೊಲದಲ್ಲಿ, ಹಟ್ಟಿಯಲ್ಲಿ ಹಳೆಯ ಇಂಗ್ಲಿಷ್ ಉಳಿಯಿತು. ಹಟ್ಟಿಯಲ್ಲಿ ನಿಂತ ಪ್ರಾಣಿಗೆ ‘ಕೌ’, ‘ಶೀಪ್’, ‘ಪಿಗ್’ ಎಂಬ ನೆಲದ ಹೆಸರು ಇರುವುದೂ, ಅದರ ಮಾಂಸಕ್ಕೆ ‘ಬೀಫ್’, ‘ಮಟನ್’, ‘ಪೋರ್ಕ್’ ಎಂಬ ಫ್ರೆಂಚ್ ಮೂಲದ ಹೆಸರು ಬಂದಿರುವುದೂ ಈ ಹಿನ್ನೆಲೆಯಿಂದ. ಇವೆರಡರ ಮೇಲೆ ಚರ್ಚು ಮತ್ತು ವಿದ್ವಾಂಸರ ಲ್ಯಾಟಿನ್ ಪದಗಳು ಬಂದು ಸೇರಿದವು. ಹೀಗೆ ‘ಆಸ್ಕ್’, ‘ಕ್ವೆಶ್ಚನ್’, ‘ಇಂಟರಾಗೇಟ್’ ಎಂಬ ಮೂರು ಪದರಗಳಾದವು. ಮೊದಲನೆಯದು ಮನೆಮಾತಿನದು, ಎರಡನೆಯದರಲ್ಲಿ ಸಂಶಯದ ಛಾಯೆ ಇದೆ, ಮೂರನೆಯದು ಪೊಲೀಸ್ ಠಾಣೆಯನ್ನು ನೆನಪಿಸುತ್ತದೆ. ನಮ್ಮ ‘ಕೇಳು’, ‘ಪ್ರಶ್ನಿಸು’, ‘ವಿಚಾರಣೆ ಮಾಡು’ ಹೆಚ್ಚು ಕಡಿಮೆ ಇದೇ ಮೆಟ್ಟಿಲುಗಳಲ್ಲಿ ನಿಂತಿವೆ. ಕನ್ನಡವೂ ಹೀಗೆ ಪದರಗಳ ಭಾಷೆ: ‘ತೊಡಗು’ ನೆಲದ್ದು, ‘ಆರಂಭ’ ಸಂಸ್ಕೃತದಿಂದ ಬಂದದ್ದು, ‘ಶುರು’ ಅರಬ್ಬಿ ಮೂಲದ್ದು. ಸಂತೆಯಲ್ಲಿ ಯಾವುದು, ಆಮಂತ್ರಣ ಪತ್ರಿಕೆಯಲ್ಲಿ ಯಾವುದು ಎಂದು ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಿಲ್ಲ. ‘ಬಿಗಿನ್’, ‘ಸ್ಟಾರ್ಟ್’, ‘ಕಮೆನ್ಸ್’ ನಡುವಿನ ಆಯ್ಕೆಗೂ ಅದೇ ವಿವೇಕ ಸಾಕು. ‘ಕಮೆನ್ಸ್’ ಎಂಬುದು ಸಭೆಯ, ಸುತ್ತೋಲೆಯ ಮಾತು. ಮಳೆ ‘ಕಮೆನ್ಸ್’ ಆಗುವುದಿಲ್ಲ, ‘ಸ್ಟಾರ್ಟ್’ ಆಗುತ್ತದೆ. ಕೆಟ್ಟುನಿಂತ ಕಾರು ‘ಬಿಗಿನ್’ ಆಗುವುದಿಲ್ಲ, ಅದಕ್ಕೂ ‘ಸ್ಟಾರ್ಟ್’ ಒಂದೇ.

ಕಾರು ಏಕೆ ‘ಬಿಗಿನ್’ ಆಗದು ಎಂಬ ಪ್ರಶ್ನೆಗೆ ಅರ್ಥದಿಂದ ಮಾತ್ರ ಉತ್ತರ ಸಿಗುವುದಿಲ್ಲ. ಅಲ್ಲಿ ಕೆಲಸ ಮಾಡುವುದು ಒಡನಾಟ. ಯಾವ ಪದ ಯಾವ ಪದದ ಜೊತೆ ಓಡಾಡುತ್ತದೆ ಎಂಬುದನ್ನು ಭಾಷೆಯಾಡುವವರೆಲ್ಲ ಸೇರಿ ಶತಮಾನಗಳ ಬಳಕೆಯಲ್ಲಿ ಗೊತ್ತು ಮಾಡಿರುತ್ತಾರೆ. ನಿದ್ದೆ ‘ಗಾಢ’, ಕಾಡು ‘ದಟ್ಟ’. ದಟ್ಟ ನಿದ್ದೆ ಎಂದರೆ ನಗುತ್ತಾರೆ. ಅದೇ ರೀತಿ ಇಂಗ್ಲಿಷಿನಲ್ಲಿ ಮಳೆ ‘ಹೆವಿ’, ಗಾಳಿ ‘ಸ್ಟ್ರಾಂಗ್’, ಎಂಜಿನ್ ‘ಪವರ್‌ಫುಲ್’. ಹೋಟೆಲಿಗೆ ಹೋದ ಕನ್ನಡಿಗ ‘ಸ್ಟ್ರಾಂಗ್ ಕಾಫಿ’ ಕೇಳುತ್ತಾನೆ, ‘ಪವರ್‌ಫುಲ್ ಕಾಫಿ’ ಎಂದು ಯಾವತ್ತೂ ಕೇಳುವುದಿಲ್ಲ. ಆ ಎರಡು ಪದ ಅವನ ಕಿವಿಗೆ ಜೋಡಿಯಾಗಿಯೇ ಬಿದ್ದಿವೆ. ನಿಯಮ ಕಲಿಯದೆಯೇ ಸರಿಯಾದ ಪದ ನಾಲಿಗೆಗೆ ಬಂದಿದೆ.

ಈ ಒಡನಾಟವನ್ನು ನಿಘಂಟಿನ ಅಡಿಪಾಯವಾಗಿಸಿದವರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಜಾನ್ ಸಿಂಕ್ಲೇರ್ ಮುಖ್ಯರು. ಪುಸ್ತಕ, ಪತ್ರಿಕೆ, ಮಾತುಗಳಿಂದ ಲಕ್ಷಾಂತರ ವಾಕ್ಯಗಳನ್ನು ಕಂಪ್ಯೂಟರಿನಲ್ಲಿ ಕೂಡಿಹಾಕಿ, ಪ್ರತಿ ಪದದ ಎಡಬಲದಲ್ಲಿ ಏನೇನು ಬರುತ್ತದೆ ಎಂದು ಅವರ ತಂಡ ನೋಡಿತು. ಅದರ ಫಲವಾಗಿ 1987ರಲ್ಲಿ ಕೋಬಿಲ್ಡ್ ನಿಘಂಟು ಬಂತು. ಇಂಥ ಹುಡುಕಾಟದಲ್ಲಿ ಇಂಗ್ಲಿಷರೇ ಗಮನಿಸದ ಸಂಗತಿಗಳು ಹೊರಬಿದ್ದವು. ‘ಕಾಸ್’ ಎಂಬ ಕ್ರಿಯಾಪದಕ್ಕೆ ‘ಉಂಟುಮಾಡು’ ಎಂದಷ್ಟೇ ನಾವು ಕಲಿತಿರುತ್ತೇವೆ. ಬಳಕೆಯಲ್ಲಿ ಅದರ ಜೊತೆ ಬರುವುದು ಹೆಚ್ಚಾಗಿ ಹಾನಿ, ತೊಂದರೆ, ಸಾವು, ಗಾಬರಿ. ಅದಕ್ಕೇ ಗೆಳೆಯರ ಭೇಟಿ ಸಂತೋಷವನ್ನು ‘ಕಾಸ್’ ಮಾಡಿತು ಎಂಬ ವಾಕ್ಯ ಇಂಗ್ಲಿಷ್ ಕಿವಿಗೆ ಒರಟಾಗಿ ಕೇಳುತ್ತದೆ. ಅಲ್ಲಿ ‘ಬ್ರಿಂಗ್’ ಅಥವಾ ‘ಗಿವ್’ ಚೆನ್ನ. ಟೀಕೆಗೆ ‘ಗುರಿ’ಯಾಗುವುದು, ರೋಗಕ್ಕೆ ‘ತುತ್ತಾಗುವುದು’, ಮೆಚ್ಚುಗೆಗೆ ‘ಪಾತ್ರ’ವಾಗುವುದು ಎಂದು ಬೇರ್ಪಡಿಸಿ ಆಡುವ ನಮಗೆ ಇದು ತಿಳಿಯದ ಸಂಗತಿಯೇನಲ್ಲ. ಮೆಚ್ಚುಗೆಗೆ ತುತ್ತಾದರು ಎಂದು ಯಾರಾದರೂ ಬರೆದರೆ ನಮಗೆ ಏನನ್ನಿಸುತ್ತದೋ ಅದೇ ಅವರಿಗೂ ಅನ್ನಿಸುವುದು.

ಪದಕ್ಕೆ ಮೆಚ್ಚುಗೆ, ತಿರಸ್ಕಾರಗಳೂ ಅಂಟಿಕೊಂಡಿರುತ್ತವೆ. ‘ಸ್ಲಿಮ್’ ಎಂದರೆ ಹೊಗಳಿಕೆ, ‘ಥಿನ್’ ಬರಿಯ ವರ್ಣನೆ, ‘ಸ್ಕಿನ್ನಿ’ ಎಂದರೆ ಬಡಕಲು. ಹಣ ಹಿಡಿದು ಖರ್ಚು ಮಾಡುವವರು ‘ಥ್ರಿಫ್ಟಿ’, ಜಿಪುಣರು ‘ಸ್ಟಿಂಜಿ’. ‘ಚೈಲ್ಡ್‌ಲೈಕ್’ ಎಂದರೆ ಮಗುವಿನಂಥ ಮುಗ್ಧತೆ, ‘ಚೈಲ್ಡಿಷ್’ ಎಂದರೆ ದೊಡ್ಡವರಿಗೆ ಒಪ್ಪದ ಹುಡುಗಾಟಿಕೆ. ‘ನಟೋರಿಯಸ್’ ಎಂಬುದನ್ನು ‘ಫೇಮಸ್’ ಪದದ ಇನ್ನೊಂದು ರೂಪವೆಂದುಕೊಂಡು ಅಭಿನಂದನಾ ಪತ್ರದಲ್ಲಿ ಬಳಸಿದರೆ ಸನ್ಮಾನಿತರಿಗೆ ಅವಮಾನವಾಗುತ್ತದೆ. ಅರ್ಥ ಗೊತ್ತಿದ್ದರೂ ಧ್ವನಿ ಗೊತ್ತಿಲ್ಲದಿದ್ದರೆ ಆಗುವ ಹಾನಿ ಇಂಥದ್ದು.

ಇಂಗ್ಲಿಷಿನಲ್ಲಿ ಈ ಭೇದಗಳನ್ನು ವಿವರಿಸಲು ಹೊರಟ ಮೊದಮೊದಲ ಪುಸ್ತಕಗಳಲ್ಲಿ ಒಂದನ್ನು ಬರೆದವರು ಹೆಸ್ಟರ್ ಲಿಂಚ್ ಪಿಯೋಜಿ. ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ನರ ಬಹುಕಾಲದ ಸ್ನೇಹಿತೆ. 1794ರಲ್ಲಿ ಎರಡು ಸಂಪುಟಗಳಲ್ಲಿ ಬಂದ ಅವರ ಪುಸ್ತಕದ ಗಮನ ಇದ್ದದ್ದು ದಿನದ ಮಾತುಕತೆಯಲ್ಲಿ ಪದವನ್ನು ಹೇಗೆ ಆರಿಸಬೇಕು ಎಂಬುದರ ಮೇಲೆ. ಇಂದು ಎಲ್ಲರಿಗೂ ಗೊತ್ತಿರುವ ಹೆಸರು ಮಾತ್ರ ಪೀಟರ್ ಮಾರ್ಕ್ ರಾಜೆ ಅವರ ‘ಥೆಸಾರಸ್’. ವೃತ್ತಿಯಿಂದ ವೈದ್ಯರಾಗಿದ್ದ ಅವರು 73ರ ವಯಸ್ಸಿನಲ್ಲಿ, 1852ರಲ್ಲಿ ಅದನ್ನು ಪ್ರಕಟಿಸಿದರು. ಪದಗಳನ್ನು ವರ್ಣಮಾಲೆಯ ಬದಲು ಭಾವನೆ, ವಿಚಾರಗಳ ಗುಂಪುಗಳಲ್ಲಿ ಜೋಡಿಸಿದ್ದು ಅದರ ಹೆಚ್ಚುಗಾರಿಕೆ. ನಾಲಿಗೆಯ ತುದಿಯಲ್ಲಿದ್ದು ಹೊರಬಾರದ ಪದವನ್ನು ನೆನಪಿಸುವುದು ಅಂಥ ಪುಸ್ತಕದ ಕೆಲಸ. ವ್ಯತ್ಯಾಸವನ್ನು ಅದು ಹೇಳಿಕೊಡುವುದಿಲ್ಲ. ಮೊಬೈಲಿನಲ್ಲಿ, ಕಂಪ್ಯೂಟರಿನಲ್ಲಿ ಒಂದು ಪದ ಒತ್ತಿದರೆ ಹತ್ತು ಸಮಾನಾರ್ಥಕಗಳು ಬರುವ ಈಗಿನ ಸೌಲಭ್ಯದ್ದೂ ಇದೇ ಮಿತಿ. ಆ ಹತ್ತರಲ್ಲಿ ಎಲ್ಲಕ್ಕಿಂತ ಉದ್ದದ ಪದವನ್ನು ಆರಿಸುವ ಅಭ್ಯಾಸ ನಮ್ಮಲ್ಲಿ ಬಹಳ ಬೆಳೆದಿದೆ. ‘ಹೆಲ್ಪ್’ ಬಿಟ್ಟು ‘ಅಸಿಸ್ಟೆನ್ಸ್’, ‘ಬೈ’ ಬಿಟ್ಟು ‘ಪರ್ಚೇಸ್’, ‘ಎಂಡ್’ ಬಿಟ್ಟು ‘ಟರ್ಮಿನೇಟ್’ ಬರೆದರೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ ಎಂದು ತೋರುತ್ತದೆ ಎಂಬ ನಂಬಿಕೆ ಅದರ ಹಿಂದಿದೆ. ಅದು ತಪ್ಪು ನಂಬಿಕೆ. ಕೆಲಸಕ್ಕೆ ಅರ್ಜಿ ಹಾಕುವ ಎಷ್ಟೋ ಹುಡುಗ ಹುಡುಗಿಯರು ತಮಗೆ ಚೆನ್ನಾಗಿ ಬರುವ ಸರಳ ಪದಗಳನ್ನು ಕೈಬಿಟ್ಟು, ಹಿಡಿತವಿಲ್ಲದ ಪದಗಳಿಂದ ಅರ್ಜಿಯನ್ನು ಕೆಡಿಸಿಕೊಳ್ಳುತ್ತಾರೆ.

ಎರಡು ಪದಗಳ ನಡುವೆ ಸಿಕ್ಕಿಕೊಂಡಾಗ ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್-ಇಂಗ್ಲಿಷ್ ನಿಘಂಟೊಂದನ್ನು ತೆರೆಯಿರಿ. ಆಕ್ಸ್‌ಫರ್ಡ್, ಕೇಂಬ್ರಿಜ್, ಲಾಂಗ್‌ಮನ್ ನಿಘಂಟುಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಅರ್ಥದ ಸಾಲನ್ನು ದಾಟಿ ಉದಾಹರಣೆ ವಾಕ್ಯಗಳಿಗೆ ಹೋಗಿ, ನೀವು ಬರೆಯಬೇಕೆಂದಿರುವ ಮಾತಿನಂಥ ವಾಕ್ಯ ಎರಡರಲ್ಲಿ ಯಾವ ಪದದ ಕೆಳಗಿದೆ ಎಂದು ನೋಡಿ. ಎರಡರಲ್ಲೂ ಇದ್ದರೆ ಚಿಕ್ಕದನ್ನು ಆರಿಸಿ. ಟಿಪ್ಪಣಿ ಪುಸ್ತಕದಲ್ಲಿ ಹೊಸ ಪದವನ್ನು ಒಂಟಿಯಾಗಿ ಬರೆಯಬೇಡಿ. ‘ಹೆವಿ’ ಎಂದು ಬರೆಯುವ ಕಡೆ ‘ಹೆವಿ ರೇನ್’, ‘ಹೆವಿ ಟ್ರಾಫಿಕ್’ ಎಂದು ಜೊತೆಗಾರರ ಸಮೇತ ಬರೆದಿಟ್ಟುಕೊಳ್ಳಿ.