ಔಷಧ ಪರೀಕ್ಷೆಗೆ ಹೊಸ ಸಾಕ್ಷಿ

ಹೊಸ ಔಷಧವು ಮನುಷ್ಯನನ್ನು ಮುಟ್ಟುವ ಮೊದಲು ಇಲಿ, ನಾಯಿ, ಕೋತಿಗಳ ಮೇಲೆ ಪರೀಕ್ಷಿಸಲ್ಪಡುವುದು ಬಹುಕಾಲದ ವಾಡಿಕೆ. ಆದರೆ ಪ್ರಾಣಿಗೆ ಒಗ್ಗಿದುದೆಲ್ಲವೂ ಮನುಷ್ಯನಿಗೆ ಒಗ್ಗುವುದೆಂಬ ಭರವಸೆಯೆಲ್ಲಿ? 2006ರ ಮಾರ್ಚ್ ತಿಂಗಳಲ್ಲಿ ಲಂಡನ್ನಿನಲ್ಲಿ ಟಿಜಿಎನ್ 1412 ಎಂಬ ಔಷಧವನ್ನು ಪಡೆದ ಆರು ಮಂದಿ ಆರೋಗ್ಯವಂತ ತರುಣರೂ ಕೆಲವೇ ಗಂಟೆಗಳಲ್ಲಿ ಪ್ರಾಣಾಪಾಯಕ್ಕೆ ಗುರಿಯಾದರು. ಅದರ 500 ಪಟ್ಟು ಪ್ರಮಾಣವನ್ನು ಕೋತಿಗಳು ತಾಳಿಕೊಂಡಿದ್ದವು!

ಈ ಕೊರತೆಯನ್ನು ನೀಗಲು ವಿಜ್ಞಾನಿಗಳು ಬೇರೊಂದು ಮಾರ್ಗವನ್ನು ಹಿಡಿದಿರುವರು. ಗಣಕಯಂತ್ರದ ಚಿಪ್‌ಗಳನ್ನು ತಯಾರಿಸುವ ಕೌಶಲವನ್ನೇ ಬಳಸಿ, ಹಾರ್ವರ್ಡ್ ವಿಶ್ವವಿದ್ಯಾನಿಲಯದ ವೀಸ್ ಸಂಸ್ಥೆಯ ಡೊನಾಲ್ಡ್ ಇಂಗ್ಬರ್ ಮತ್ತು ಅವರ ಸಂಗಡಿಗರು 2010ರಲ್ಲಿ ‘ಶ್ವಾಸಕೋಶ ಚಿಪ್’ ಒಂದನ್ನು ಪ್ರಕಟಪಡಿಸಿದರು. ಪಾರದರ್ಶಕವಾದ ಪುಟ್ಟ ಫಲಕದೊಳಗೆ ಎರಡು ಸೂಕ್ಷ್ಮ ಕಾಲುವೆಗಳು. ನಡುವೆ ರಂಧ್ರಗಳುಳ್ಳ ತೆಳುಪೊರೆ. ಪೊರೆಯ ಒಂದು ಮಗ್ಗುಲಲ್ಲಿ ಮಾನವ ಶ್ವಾಸಕೋಶದ ಜೀವಕೋಶಗಳು ಮತ್ತು ಗಾಳಿ. ಇನ್ನೊಂದು ಮಗ್ಗುಲಲ್ಲಿ ರಕ್ತನಾಳದ ಜೀವಕೋಶಗಳು ಮತ್ತು ಹರಿಯುವ ದ್ರವ. ಪೊರೆಯು ಉಸಿರಾಟದಂತೆಯೇ ಹಿಗ್ಗಿ ಕುಗ್ಗುವುದು.

2022ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ 870 ಯಕೃತ್ತಿನ ಚಿಪ್‌ಗಳ ಮೇಲೆ 27 ಔಷಧಗಳನ್ನು ಪ್ರಯೋಗಿಸಲಾಯಿತು. ಯಕೃತ್ತಿಗೆ ವಿಷವಾದವುಗಳಲ್ಲಿ ಶೇಕಡಾ 87ರಷ್ಟನ್ನು ಅವು ಗುರುತಿಸಿದುವು; ನಿರಪಾಯವಾದ ಒಂದನ್ನೂ ತಪ್ಪಾಗಿ ದೂಷಿಸಲಿಲ್ಲ. ಪರೀಕ್ಷೆ ನಡೆಸಿದವರು ಚಿಪ್‌ಗಳನ್ನು ಮಾರುವವರೇ ಆಗಿದ್ದರೆಂಬುದನ್ನು ವಾಚಕರು ಮರೆಯಲಾಗದು. ಒಂದು ಅಂಗದ ಚಿಪ್ ಇಡೀ ದೇಹವೂ ಅಲ್ಲ. ಅದು ಉತ್ತಮ ಸಾಕ್ಷಿಯೇ ಹೊರತು ನ್ಯಾಯಾಧೀಶನಲ್ಲ.

ಆದರೂ ಸಾಕ್ಷಿಯನ್ನು ಕೇಳದೆ ತೀರ್ಪು ಕೊಡುವುದು ತರವೆ? ಅಮೆರಿಕವು 1938ರಿಂದಿದ್ದ ಪ್ರಾಣಿಪರೀಕ್ಷೆಯ ಕಡ್ಡಾಯವನ್ನು 2022ರ ಡಿಸೆಂಬರಿನಲ್ಲಿ ತೆಗೆದುಹಾಕಿತು. ನಮ್ಮ ಕೇಂದ್ರ ಸರಕಾರವೂ 2023ರ ಮಾರ್ಚ್‌ನಲ್ಲಿ ಔಷಧ ನಿಯಮಗಳನ್ನು ತಿದ್ದಿ ಇಂಥ ಚಿಪ್‌ಗಳಿಗೆ ಎಡೆಮಾಡಿಕೊಟ್ಟಿತು. ಇದು ಸ್ತುತ್ಯವೇ ಸರಿ. ಆದರೆ ಅಪ್ಪಣೆ ದೊರೆತ ಮಾತ್ರಕ್ಕೆ ಉಪಕರಣ ಹುಟ್ಟದು. ಯಾವ ಚಿಪ್‌ನ ಸಾಕ್ಷ್ಯ ಎಷ್ಟರಮಟ್ಟಿಗೆ ಗ್ರಾಹ್ಯವೆಂಬುದನ್ನು ಅಧಿಕಾರಿಗಳು ಸ್ಪಷ್ಟವಾಗಿ ಗೊತ್ತುಪಡಿಸಬೇಕು. ಮಾರುವವರ ಮಾತನ್ನು ಒರೆಹಚ್ಚಿ ನೋಡಲು ಸ್ವತಂತ್ರ ಪ್ರಯೋಗಶಾಲೆಗಳಿಗೆ ಧನ ಒದಗಿಸಬೇಕು. ಈ ಚಿಪ್‌ಗಳಲ್ಲಿ ನಮ್ಮ ಜನರ ಜೀವಕೋಶಗಳನ್ನೇ ಬೆಳೆಸಿ ನೋಡಲು ಶಕ್ಯವಿರುವಾಗ, ಪರದೇಶದವರ ಫಲಿತಾಂಶವನ್ನೇ ನೆಚ್ಚಿ ಕುಳಿತಿರುವುದು ವಿವೇಕವಲ್ಲ. ಹೊಸ ಔಷಧಕ್ಕೆ ಮೊದಲು ತೋಳೊಡ್ಡುವಾತನ ಪ್ರಾಣಕ್ಕೆ ಇಷ್ಟಾದರೂ ರಕ್ಷಣೆ ಸಲ್ಲಬೇಕೆಂದು ನಾವು ಒತ್ತಿ ಹೇಳುತ್ತೇವೆ.