ವಿಲಿಯಂ ಹಾಲನ ಪದಕವೂ ವೀರರಸದ ಆಶ್ರಯವಿಚಾರವೂ

ಇಲೆಕ್ಟ್ರಾನಿಕ್ ಸಿಟಿಗೆ ಸಮೀಪದ ಬೇಗೂರಿನಲ್ಲಿ ದೊರೆತ ಗಂಗರ ಕಾಲದ ವೀರಗಲ್ಲು ಶಾಸನಾಭ್ಯಾಸಿಗಳಿಗೆ ಪರಿಚಿತವೇ ಆಗಿದೆ. ತುಂಬೆಪಾಡಿಯಲ್ಲಿ ಬೀರಮಹೇಂದ್ರನ ಸೈನ್ಯದೊಡನೆ ಕಾದಿ ನಾಗತ್ತರನು ಮಡಿಯಲು, ಎರೆಯಪ್ಪನು ಇರುಗನಿಗೆ ನಾಗತ್ತರವಟ್ಟವನ್ನು ಕಟ್ಟಿ ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು. ಸತ್ತವನೊಬ್ಬನು, ಪಡೆದವನು ಮತ್ತೊಬ್ಬನು. ಬದುಕಿರುವ ಭಟನ ಎದೆಗೇ ಮನ್ನಣೆಯನ್ನು ತೊಡಿಸುವ ವಿಕ್ಟೋರಿಯಾ ಕ್ರಾಸ್ ಎಂಬ ಪದಕವು ಇಂಗ್ಲೆಂಡಿನಲ್ಲಿ ಸ್ಥಾಪಿತವಾದುದು 1856ರಲ್ಲಿ. ಅದರ ನಿಬಂಧನೆಯಂತೆ ಅಧಿಕಾರದ ತರತಮವನ್ನೆಣಿಸದೆ ಶೌರ್ಯವೊಂದನ್ನೇ ನೋಡತಕ್ಕದ್ದು.

ಈ ಪದಕವನ್ನು ಪಡೆದ ಮೊದಲ ಕಪ್ಪುವರ್ಣದ ವೀರನು ಕೆನಡಾದ ನೋವಾ ಸ್ಕೋಷಿಯದ ನಾವಿಕ ವಿಲಿಯಂ ಹಾಲ್. ಅವನ ತಂದೆತಾಯಿಗಳು ಅಮೆರಿಕದ ದಾಸ್ಯದಿಂದ ಬಿಡುಗಡೆಹೊಂದಿ ಅಲ್ಲಿಗೆ ಬಂದವರು. 1852ರಲ್ಲಿ ಬ್ರಿಟಿಷ್ ನೌಕಾದಳವನ್ನು ಸೇರಿದ ಹಾಲನು ಕ್ರಿಮಿಯಾ ಯುದ್ಧದಲ್ಲಿಯೂ ಸೇವೆಗೈದನು. 1857ರಲ್ಲಿ ಅವನಿದ್ದ 'ಶ್ಯಾನನ್' ಹಡಗು ಕಲ್ಕತ್ತೆಗೆ ಬಂದಿತು. ಕ್ಯಾಪ್ಟನ್ ವಿಲಿಯಂ ಪೀಲನ ನೇತೃತ್ವದಲ್ಲಿ ನಾವಿಕರು ಹಡಗಿನ ಭಾರಿ ಫಿರಂಗಿಗಳನ್ನು ಒಳನಾಡಿಗೆ ಎಳೆದೊಯ್ದರು. ನವೆಂಬರ್ 16ರಂದು ಲಖನೌದಲ್ಲಿ ನವಾಬ ಘಾಜಿಉದ್ದೀನ್ ಹೈದರನ ಸಮಾಧಿಯಾದ ಷಾ ನಜಫ್‌ನ ದಪ್ಪ ಗೋಡೆಯನ್ನೊಡೆಯುವ ಪ್ರಸಂಗ ಒದಗಿತು. ಫಿರಂಗಿಯನ್ನು ಗೋಡೆಯ ಬುಡದವರೆಗೆ ತಳ್ಳಬೇಕಾಯಿತು. ಒಳಗಿನಿಂದ ಸುರಿದ ಗುಂಡಿಗೆ ಜೊತೆಯವರೆಲ್ಲ ಸತ್ತರು, ಇಲ್ಲವೆ ಗಾಯಗೊಂಡು ಬಿದ್ದರು. ಹಾಲನೂ ಲೆಫ್ಟಿನೆಂಟ್ ಥಾಮಸ್ ಯಂಗನೂ ಮಾತ್ರ ನಿಂತು, ಗೋಡೆ ಬಿರಿಯುವವರೆಗೂ ಗುಂಡು ಹಾರಿಸಿದರು. ಇಬ್ಬರಿಗೂ ಪದಕವು ಸಂದಿತು. ಹಾಲನಿಗೆ 1859ರ ಅಕ್ಟೋಬರ್ 28ರಂದು ಐರ್ಲೆಂಡಿನ ಕ್ವೀನ್ಸ್‌ಟೌನಿನಲ್ಲಿ.

ಇಲ್ಲಿ ನಮಗೊಂದು ತೊಡಕಿದೆ. ಆ ಗೋಡೆಯ ಒಳಗಿದ್ದವರು ನಮ್ಮವರು. ದಾಸರ ಮಗನೊಬ್ಬನು ಪರಾಧೀನರಾಗಲೊಲ್ಲದವರ ಮೇಲೆ ಫಿರಂಗಿ ಹೂಡಿದುದನ್ನು ವೀರವೆಂದು ಹೇಗೆ ಪಾಠಹೇಳುವುದು? ವೀರಕ್ಕೆ ಸ್ಥಾಯಿಯು ಉತ್ಸಾಹ, ಅದರ ಆಶ್ರಯವು ಉತ್ತಮಪ್ರಕೃತಿ ಎಂದು ಭರತನ ಮತ. ಉತ್ತಮಪ್ರಕೃತಿಯೆಂದರೆ ಉತ್ತಮಕುಲವೆಂದು ಅರ್ಥಮಾಡುವ ರೂಢಿ ನಮ್ಮ ಪಾಠಶಾಲೆಗಳಲ್ಲಿ ಇಲ್ಲದಿಲ್ಲ. ಅದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ. ಪಂಪನ ಕರ್ಣನನ್ನು ಓದಿದವರಿಗೆ ಇದನ್ನು ವಿಸ್ತರಿಸಬೇಕಾಗಿಲ್ಲ. ಸೂತನೆಂದು ಹಳಿಸಿಕೊಂಡವನು, ಕೌರವನ ಅನ್ನದ ಋಣಕ್ಕೆ ಕಟ್ಟುಬಿದ್ದವನು, ನ್ಯಾಯವಿಲ್ಲದ ಪಕ್ಷದಲ್ಲಿ ಕಾದಿದವನು; ಆದರೂ ಅವನ ಉತ್ಸಾಹವನ್ನು ಕವಿಯು ತಗ್ಗಿಸಲಿಲ್ಲ, ಆ ಉತ್ಸಾಹಕ್ಕಾಗಿ ದುರ್ಯೋಧನನ ಪಕ್ಷವನ್ನು ಧರ್ಮ್ಯವೆನ್ನಲೂ ಇಲ್ಲ. ಹಾಲನ ವಿಷಯದಲ್ಲಿಯೂ ಈ ಎರಡನ್ನು ಬೇರೆಬೇರೆಯಾಗಿ ತೂಗಬೇಕು. ಒಳಗಿನಿಂದ ಕಾದಿದವರ ಉತ್ಸಾಹವೂ ವೀರವೇ. ಅವರ ಎದೆಗೆ ಪದಕವಿಡಲು ಒಡೆಯನಿರಲಿಲ್ಲ, ಅಷ್ಟೆ.

ಹಾಲನು 1876ರಲ್ಲಿ ನಿವೃತ್ತನಾಗಿ ಊರಿಗೆ ಹಿಂದಿರುಗಿ ಬೇಸಾಯ ಮಾಡಿಕೊಂಡಿದ್ದನು. 1904ರಲ್ಲಿ ಮೃತನಾದಾಗ ಸೈನಿಕಮರ್ಯಾದೆಯಾಗಲಿ ಗುರುತಿನ ಕಲ್ಲಾಗಲಿ ಅವನಿಗೆ ದೊರೆಯಲಿಲ್ಲ. ದಶಕಗಳು ಕಳೆದ ಮೇಲೆ ಅವನ ಅವಶೇಷಗಳನ್ನು ಹ್ಯಾಂಟ್ಸ್‌ಪೋರ್ಟಿನ ಚರ್ಚಿನ ಆವರಣಕ್ಕೆ ಸಾಗಿಸಿ ಸ್ಮಾರಕವನ್ನು ನಿಲ್ಲಿಸಿದರು.