ದೂರದ ಓಟದಲ್ಲಿ ಮನಸ್ಸಿನ ತಡೆ: ದಾಟಿಸುವ ಬಗೆ

200 ಮೀಟರ್ ಪಥದಲ್ಲಿ 1500 ಮೀಟರ್ ಎಂದರೆ ಏಳೂವರೆ ಸುತ್ತು. ಬೋಧನಾಭ್ಯಾಸದ ಪಾಠಗಳಲ್ಲಿ ಮಕ್ಕಳು ಮೊದಲ ಸುತ್ತನ್ನು ಒಂದೇ ಉಸಿರಿಗೆ ಓಡಿ, ನಾಲ್ಕನೆಯ ಸುತ್ತಿಗೆ ‘ಆಗಲ್ಲ ಸರ್’ ಎಂದು ನಿಲ್ಲುವುದು ಸಾಮಾನ್ಯ. ಆಗ ‘ಧೈರ್ಯ ಮಾಡು, ಓಡು’ ಎಂದು ಕೂಗಿದರೆ ಸಾಲದು. ತಡೆ ಎಲ್ಲಿ ಹುಟ್ಟಿತೆಂದು ಪ್ರಶಿಕ್ಷಣಾರ್ಥಿ ಗುರುತಿಸಬೇಕು.

ಮನೋಬಲಕ್ಕೆ ನಿದರ್ಶನವಾಗಿ ರೋಜರ್ ಬ್ಯಾನಿಸ್ಟರ್ ಅವರನ್ನು ಹೆಸರಿಸುವುದುಂಟು. 1945ರಲ್ಲಿ ಸ್ವೀಡನ್ನಿನ ಗುಂಡರ್ ಹೆಗ್ 4 ನಿಮಿಷ 1.4 ಸೆಕೆಂಡಿನಲ್ಲಿ ಮೈಲು ಓಡಿದ ದಾಖಲೆ ಒಂಬತ್ತು ವರ್ಷ ಉಳಿಯಿತು. 1954ರ ಮೇ 6ರಂದು ಆಕ್ಸ್‌ಫರ್ಡಿನಲ್ಲಿ ಬ್ಯಾನಿಸ್ಟರ್ 3 ನಿಮಿಷ 59.4 ಸೆಕೆಂಡಿನಲ್ಲಿ ಓಡಿ ಅದನ್ನು ಮುರಿದರು. ಇದು ಬರೀ ಛಲದ ಫಲವಲ್ಲ. ನಡುನಡುವೆ ಎರಡು ನಿಮಿಷ ವಿರಾಮ ಕೊಟ್ಟು 440 ಗಜವನ್ನು ಹತ್ತು ಬಾರಿ ಓಡುವ ಅಭ್ಯಾಸವನ್ನು ಅವರು ತಿಂಗಳುಗಟ್ಟಲೆ ಮಾಡಿದ್ದರು. ವೇಳೆ 61 ಸೆಕೆಂಡಿಗೆ ಬಂದು ನಿಂತಾಗ ಓಟ ಬಿಟ್ಟು ಕೆಲವು ದಿನ ಸ್ಕಾಟ್ಲೆಂಡಿನಲ್ಲಿ ಬೆಟ್ಟ ಹತ್ತಿದರು. ಮರಳಿದ ಮೇಲೆ ಅದು 59ಕ್ಕೆ ಇಳಿಯಿತು. ಸ್ಪರ್ಧೆಯ ದಿನ ಗೆಳೆಯರಾದ ಬ್ರಾಷರ್ ಮತ್ತು ಚಾಟಾವೇ ಸರದಿಯಲ್ಲಿ ಮುಂದೆ ಓಡಿ ವೇಗ ಕಾಯ್ದರು. ದೂರವನ್ನು ತುಂಡು ಮಾಡುವುದು, ವೇಗದ ಹಿಡಿತ, ವಿಶ್ರಾಂತಿ, ಜೊತೆಗಾರರು: ಈ ನಾಲ್ಕೂ ನಮ್ಮ ಪಾಠಯೋಜನೆಗೆ ಒದಗುತ್ತವೆ.

1. ಸಮವೇಗ: 1500 ಮೀಟರನ್ನು ಹತ್ತು ನಿಮಿಷದಲ್ಲಿ ಮುಗಿಸಬಲ್ಲ ಮಗುವಿಗೆ ಸುತ್ತಿಗೆ 80 ಸೆಕೆಂಡು. ಪ್ರತಿ ಸುತ್ತಿನ ವೇಳೆಯನ್ನು ಕೂಗಿ ಹೇಳಿ. ಮೊದಲ ಸುತ್ತು ಬೇಗ ಮುಗಿದರೆ ಹೊಗಳಬೇಡಿ, ನಿಧಾನಿಸಲು ಹೇಳಿ.

2. ತುಂಡು ಗುರಿ: ಎರಡು ಸುತ್ತು ಓಟ, ಅರ್ಧ ಸುತ್ತು ನಡಿಗೆಯಿಂದ ಆರಂಭಿಸಿ. ವಾರದಿಂದ ವಾರಕ್ಕೆ ನಡಿಗೆಯನ್ನು ಕಡಿಮೆ ಮಾಡಿ.

3. ಸ್ವಸೂಚನೆ: ‘ಆ ಬಾವುಟದವರೆಗೆ’ ಎಂಬಂಥ ಚಿಕ್ಕ ಮಾತನ್ನು ಮಗುವೇ ಆರಿಸಿಕೊಳ್ಳಲಿ. ದಣಿದಾಗ ಅದನ್ನೇ ಹೇಳಿಕೊಳ್ಳಲಿ.

4. ಜೋಡಿ ಓಟ: ಸಮಾನ ಸಾಮರ್ಥ್ಯದ ಇಬ್ಬರನ್ನು ಜೊತೆಮಾಡಿ. ಅಭ್ಯಾಸದ ಓಟದಲ್ಲಿ ಒಂದೆರಡು ಮಾತಾಡಲಾಗದಷ್ಟು ಏದುಸಿರು ಬಂದರೆ ವೇಗ ಹೆಚ್ಚಾಯಿತೆಂದೇ ಅರ್ಥ.

ಎಚ್ಚರಿಕೆಯೊಂದಿದೆ. ಎದೆನೋವು, ತಲೆಸುತ್ತು, ಉಬ್ಬಸ, ಕೀಲುನೋವು ಮನಸ್ಸಿನ ತಡೆಗಳಲ್ಲ. ‘ಆಗಲ್ಲ’ ಎಂದ ಮಗುವನ್ನು ಮೊದಲು ‘ಎಲ್ಲಿ, ಏನಾಗುತ್ತಿದೆ?’ ಎಂದು ಕೇಳಿ. ಇವುಗಳಲ್ಲಿ ಒಂದಿದ್ದರೂ ಓಟ ಅಲ್ಲಿಗೇ ನಿಲ್ಲಬೇಕು. ಹಾಗೆಯೇ, ತಪ್ಪಿಗೆ ಶಿಕ್ಷೆಯೆಂದು ಮೈದಾನ ಸುತ್ತಿಸಬಾರದು. ಓಟವನ್ನು ಶಿಕ್ಷೆಯೆಂದು ಕಲಿತ ಮಗುವಿಗೆ ಅದೇ ದೊಡ್ಡ ತಡೆ.

ಮೌಲ್ಯಮಾಪನದಲ್ಲಿ ಯಾರು ಮೊದಲು ಬಂದರೆಂಬುದರ ಜೊತೆಗೆ, ಪ್ರತಿ ಮಗುವಿನ ಮೊದಲ ಮತ್ತು ಏಳನೆಯ ಸುತ್ತಿನ ವೇಳೆಗಳ ಅಂತರವನ್ನೂ ದಾಖಲಿಸಿ. ಆ ಅಂತರ ಕುಗ್ಗುತ್ತಿದ್ದರೆ ಪಾಠ ಫಲಿಸುತ್ತಿದೆ ಎಂದು ಮೇಲ್ವಿಚಾರಕರು ಧಾರಾಳವಾಗಿ ಬರೆಯಬಹುದು.